ಐದರಲ್ಲಿ ಒಂದು ಪಾಲು ಎಲ್ಲಿಂದ ಬರುತ್ತದೆ?



ಮನೆ ಕೊಳ್ಳುವ ವಿಚಾರವನ್ನು ಪಿಯುಸಿ, ಪದವಿ ಓದುವವರ ಮುಂದೆ ತೆಗೆಯುವುದೇಕೆ ಎಂದು ನೀವು ಕೇಳಬಹುದು. ಈಗ ನಿಮ್ಮ ಜೇಬಿನಲ್ಲಿರುವುದು ಬಸ್ ಪಾಸು. ಆದರೆ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈ ಮಾತು ಈಗಾಗಲೇ ನಡೆಯುತ್ತಿರುತ್ತದೆ. ರಾತ್ರಿ ಊಟವಾದ ಮೇಲೆ ಅಪ್ಪ ಯಾವುದೋ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಾರೆ, ಅಮ್ಮ ಕೈಬಳೆಯ ಕಡೆ ಒಮ್ಮೆ ನೋಡಿಕೊಳ್ಳುತ್ತಾರೆ, ನಿಮಗೆ ಮಾತ್ರ ‘ನೀನು ಹೋಗಿ ಓದಿಕೋ’ ಎನ್ನುತ್ತಾರೆ. ತಮಾಷೆಯೆಂದರೆ ಆ ಲೆಕ್ಕಕ್ಕೆ ಬೇಕಾದ ಗಣಿತ ಇರುವುದು ನೀವು ಓದುತ್ತಿರುವ ಪುಸ್ತಕದಲ್ಲೇ. ಚಕ್ರಬಡ್ಡಿ ಮತ್ತು ಗುಣೋತ್ತರ ಶ್ರೇಢಿ, ಇಷ್ಟು ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಅಂಚಿನಲ್ಲಿ, ಕಟ್ಟಿ ಮುಗಿದು ಸ್ವಾಧೀನಾನುಭವ ಪತ್ರವೂ ಸಿಕ್ಕಿರುವ ಒಂದು ಫ್ಲಾಟು. ಬೆಲೆ 50 ಲಕ್ಷ ರೂಪಾಯಿ. ಗಂಡ ಹೆಂಡತಿ ಇಬ್ಬರಿಗೂ ಸಂಬಳವಿದೆ, ತಿಂಗಳ ಕಂತು ಕಟ್ಟುವ ಶಕ್ತಿಯಿದೆ. ಕೂಡಿಟ್ಟ ಹಣ ಮಾತ್ರ ಇಲ್ಲ. ಸಾಲ ಕೊಡುವ ಬ್ಯಾಂಕು ಪೂರ್ತಿ 50 ಲಕ್ಷವನ್ನು ಕೊಡುವುದಿಲ್ಲ. ರಿಸರ್ವ್ ಬ್ಯಾಂಕು 2015ರಲ್ಲಿ ಗೊತ್ತುಪಡಿಸಿದ ಮಿತಿಯ ಪ್ರಕಾರ ಗೃಹಸಾಲದ ಮೊತ್ತ 30 ಲಕ್ಷದವರೆಗಿದ್ದರೆ ಮನೆಯ ಬೆಲೆಯ ಶೇಕಡ 90ರವರೆಗೆ, 30ರಿಂದ 75 ಲಕ್ಷದವರೆಗಿದ್ದರೆ ಶೇಕಡ 80ರವರೆಗೆ, ಅದಕ್ಕೂ ಮೇಲಾದರೆ ಶೇಕಡ 75ರವರೆಗೆ ಮಾತ್ರ ಸಾಲ. ನಮ್ಮ ದಂಪತಿಗೆ ಸಿಗುವುದು ಹೆಚ್ಚೆಂದರೆ 40 ಲಕ್ಷ. ಉಳಿದ 10 ಲಕ್ಷ, ಅಂದರೆ ಐದರಲ್ಲಿ ಒಂದು ಪಾಲು, ಅವರದೇ ಆಗಿರಬೇಕು. ಬ್ಯಾಂಕಿನವರು ಇದನ್ನು ಮಾರ್ಜಿನ್ ಹಣ ಎನ್ನುತ್ತಾರೆ. ನಮ್ಮ ಜನ ಇದನ್ನೂ ‘ಮುಂಗಡ’ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಕರಾರಿನ ದಿನ ಮಾರುವವರ ಕೈಗೆ ಕೊಡುವ ಮುಂಗಡ ಬೇರೆ, ಒಟ್ಟು ಬೆಲೆಯಲ್ಲಿ ಕೊಳ್ಳುವವನು ತಾನೇ ಹೊರಬೇಕಾದ ಈ ಸ್ವಂತ ಪಾಲು ಬೇರೆ. ಮೊದಲನೆಯದು ಎರಡನೆಯದರ ಒಂದು ಚೂರು, ಅಷ್ಟೆ.

ಖರ್ಚು ಇಲ್ಲಿಗೇ ಮುಗಿಯಲಿಲ್ಲ. ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇಕಡ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇಕಡ 5.6 ಆಗುತ್ತದೆ. ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇಕಡ 2 ಆಯಿತು. ಎರಡೂ ಸೇರಿ 3 ಲಕ್ಷ 80 ಸಾವಿರ ರೂಪಾಯಿ. 10 ಲಕ್ಷಕ್ಕಿಂತ ಮೇಲಿನ ಮನೆಗಳಿಗೆ ಈ ಶುಲ್ಕಗಳನ್ನು ಬೆಲೆಯೊಳಗೆ ಸೇರಿಸಿ ಸಾಲ ಕೊಡುವಂತಿಲ್ಲ. ಆದ್ದರಿಂದ ಕೈಯಿಂದ ಹಾಕಬೇಕಾದದ್ದು 10 ಲಕ್ಷವಲ್ಲ, 13 ಲಕ್ಷ 80 ಸಾವಿರ. ಇನ್ನೂ ಕಟ್ಟುತ್ತಿರುವ ಫ್ಲಾಟಾಗಿದ್ದರೆ ಶೇಕಡ 5 ಜಿಎಸ್‌ಟಿ ಸೇರಿಕೊಂಡು ಇನ್ನೊಂದು ಎರಡೂವರೆ ಲಕ್ಷ. ಮನೆ ನೋಡಲು ಹೊರಟವರು ಬೆಲೆಯನ್ನು ಕೇಳುತ್ತಾರೆ, ಈ ಎರಡನೆಯ ಸಾಲನ್ನು ಬಹಳ ಜನ ಕೇಳುವುದಿಲ್ಲ.

ಬ್ಯಾಂಕು ಯಾಕೆ ಈ ಹಠ ಹಿಡಿಯುತ್ತದೆ? ಸನ್ನೆಕೋಲನ್ನು ನೆನಪಿಸಿಕೊಳ್ಳಿ. ಸಾಲ ಎನ್ನುವುದು ಒಂದು ಸನ್ನೆಕೋಲು. 10 ಲಕ್ಷದ ಬಲದಿಂದ 50 ಲಕ್ಷದ ಭಾರವನ್ನು ಎತ್ತುತ್ತೇವೆ. ಮನೆಯ ಬೆಲೆ ಶೇಕಡ 10 ಏರಿದರೆ 55 ಲಕ್ಷ. ಸಾಲದ 40 ಲಕ್ಷ ಕಳೆದರೆ ನಮ್ಮ ಪಾಲು 10ರಿಂದ 15 ಲಕ್ಷಕ್ಕೆ ಏರಿತು, ಅಂದರೆ ಶೇಕಡ 50 ಲಾಭ. ಇದನ್ನು ಎಲ್ಲರೂ ಹೇಳುತ್ತಾರೆ. ಬೆಲೆ ಶೇಕಡ 10 ಇಳಿದರೆ ನಮ್ಮ ಪಾಲು ಅರ್ಧಕ್ಕೆ ಬರುತ್ತದೆ. ಇದನ್ನು ಹೇಳುವವರು ಕಡಿಮೆ. ಸನ್ನೆಕೋಲಿಗೆ ಮೇಲೆತ್ತುವುದು ಮಾತ್ರ ಗೊತ್ತು, ಕೆಳಗಿಳಿಸುವುದು ಗೊತ್ತಿಲ್ಲ ಎಂದರೆ ಭೌತಶಾಸ್ತ್ರ ಒಪ್ಪುವುದಿಲ್ಲ. ಮೊದಲ ಏಟು ಬೀಳುವುದು ಸ್ವಂತ ಪಾಲಿನ ಮೇಲೆ. ಆ ಪಾಲು ದಪ್ಪವಾಗಿದ್ದಷ್ಟೂ ಬ್ಯಾಂಕಿಗೆ ನೆಮ್ಮದಿ. ಆದರೆ ಅದು ಬ್ಯಾಂಕಿನ ನೆಮ್ಮದಿ ಮಾತ್ರವಲ್ಲ. ಕೆಲಸ ಹೋಗಿ ಮನೆಯನ್ನು ಅವಸರದಲ್ಲಿ ಮಾರಬೇಕಾಗಿ ಬಂದರೆ, ಸಾಲ ತೀರಿಸಿ ಮೈಮೇಲಿನ ಬಟ್ಟೆಯ ಜೊತೆ ಇನ್ನೊಂದಿಷ್ಟನ್ನು ಉಳಿಸಿಕೊಂಡು ಹೊರಬರಲು ಇರುವ ಮೆತ್ತೆಯೂ ಅದೇ.

ಇಲ್ಲಿ ಇನ್ನೊಂದು ನಿಯಮವನ್ನೂ ತರುತ್ತೇನೆ. ಶಕ್ತಿಯನ್ನು ಸೃಷ್ಟಿಸಲು ಆಗದು, ನಾಶಮಾಡಲೂ ಆಗದು, ಅದು ರೂಪ ಬದಲಿಸುತ್ತದೆ ಎಂದು ನೀವು ಓದಿದ್ದೀರಿ. ಮನೆಯ ಸ್ವಂತ ಪಾಲಿನ ವಿಷಯವೂ ಹೆಚ್ಚು ಕಡಿಮೆ ಹೀಗೆಯೇ. ‘ಕೈಯಿಂದ ಒಂದು ರೂಪಾಯಿ ಹಾಕದೆ ಮನೆ’ ಎಂದು ಯಾರಾದರೂ ಹೇಳಿದಾಗ ಆ ಪಾಲು ಮಾಯವಾಗಿರುವುದಿಲ್ಲ, ಬೇರೆ ವೇಷದಲ್ಲಿ ಎಲ್ಲೋ ಕುಳಿತಿರುತ್ತದೆ. ಅಮ್ಮನ ಒಡವೆಯಲ್ಲಿರಬಹುದು, ಹಳ್ಳಿಯ ಎರಡು ಎಕರೆಯಲ್ಲಿರಬಹುದು, ಮುಂದಿನ ಐದು ವರ್ಷದ ಸಂಬಳದಲ್ಲಿರಬಹುದು, ಸರ್ಕಾರದ ಖಾತರಿಯಲ್ಲಿರಬಹುದು. ಅದು ಎಲ್ಲಿದೆ ಎಂದು ಹುಡುಕುವುದೇ ಕೊಳ್ಳುವವನ ಮೊದಲ ಕೆಲಸ.

ಸರ್ಕಾರದ ಖಾತರಿ ಎಂದೆ. ಅದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಎರಡನೆಯ ಮಹಾಯುದ್ಧದಿಂದ ಮರಳುವ ಸೈನಿಕರಿಗಾಗಿ 1944ರಲ್ಲಿ ಅಲ್ಲಿ ಒಂದು ಕಾನೂನು ಮಾಡಿದರು. ಆ ಸಾಲಗಳಿಗೆ ಸರ್ಕಾರವೇ ಖಾತರಿ ನಿಂತದ್ದರಿಂದ ಸ್ವಂತ ಪಾಲಿಲ್ಲದೆ ಮನೆ ಕೊಳ್ಳುವ ದಾರಿ ತೆರೆಯಿತು. ಆ ಪಾಲಿನ ಭಾರವನ್ನು ಯಾರು ಹೊತ್ತರೆಂಬುದು ಅಲ್ಲಿ ಸ್ಪಷ್ಟವಾಗಿತ್ತು. ಅದೇ ದೇಶದಲ್ಲಿ 2000ದ ನಂತರದ ವರ್ಷಗಳಲ್ಲಿ ಖಾಸಗಿ ಸಾಲದಾತರು ಕೈಯಿಂದ ಏನೂ ಹಾಕದವರಿಗೂ, ಆದಾಯದ ಪುರಾವೆ ಇಲ್ಲದವರಿಗೂ ಸಾಲ ಹಂಚಿದರು. ಮನೆಗಳ ಬೆಲೆ ಏರುತ್ತಲೇ ಇರುತ್ತದೆ ಎಂಬ ನಂಬಿಕೆಯೇ ಅಲ್ಲಿ ಸ್ವಂತ ಪಾಲಿನ ಜಾಗದಲ್ಲಿ ಕುಳಿತಿತ್ತು. ಬೆಲೆ ಇಳಿಯಿತು. 2008ರಲ್ಲಿ ಏನಾಯಿತೆಂದು ನಿಮ್ಮ ಅರ್ಥಶಾಸ್ತ್ರದ ಮೇಷ್ಟ್ರನ್ನು ಕೇಳಿದರೆ ಒಂದು ಪೀರಿಯಡ್ ಪೂರ್ತಿ ಹೇಳುತ್ತಾರೆ.

ನಮ್ಮ ಊರಿನ ವೇಷಗಳಿಗೆ ಬರೋಣ.

ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವುದು ವೈಯಕ್ತಿಕ ಸಾಲ. ಮೊಬೈಲಿನಲ್ಲಿ ನಾಲ್ಕು ಸಲ ಒತ್ತಿದರೆ ಹಣ ಖಾತೆಗೆ ಬಂದಿರುತ್ತದೆ. ಲೆಕ್ಕ ಮಾಡೋಣ. 40 ಲಕ್ಷ ಗೃಹಸಾಲ, ಬಡ್ಡಿ ಶೇಕಡ 8.5, ಅವಧಿ 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು 34,713 ರೂಪಾಯಿ. ಬೇಕಾದ 13 ಲಕ್ಷ 80 ಸಾವಿರವನ್ನು ಶೇಕಡ 14ರ ಬಡ್ಡಿಗೆ ಐದು ವರ್ಷದ ವೈಯಕ್ತಿಕ ಸಾಲವಾಗಿ ತಂದರೆ ಅದರ ಕಂತು ಸುಮಾರು 32,100. ಸೇರಿಸಿದರೆ 66,800. ನೋಡಿ, ಬೇಕಾದ ಹಣದಲ್ಲಿ ಸುಮಾರು ಕಾಲು ಭಾಗವಷ್ಟೇ ಈ ಎರಡನೆಯ ಸಾಲ, ಆದರೆ ಕಂತನ್ನು ಅದು ಹೆಚ್ಚು ಕಡಿಮೆ ಎರಡರಷ್ಟು ಮಾಡಿತು. ಕೈಗೆ ಬರುವ ಸಂಬಳದ ಅರ್ಧ ಕಂತಿಗೆ ಹೋಗಬಹುದು ಎಂದು ಧಾರಾಳವಾಗಿಯೇ ಲೆಕ್ಕ ಹಾಕಿದರೂ, 70 ಸಾವಿರ ಸಂಬಳಕ್ಕೆ ಹೊಂದುತ್ತಿದ್ದ ಮನೆಗೆ ಈಗ 1 ಲಕ್ಷ 34 ಸಾವಿರ ಸಂಬಳ ಬೇಕು. ಅಷ್ಟು ಸಂಬಳವಿರುವವರು ಎರಡು ವರ್ಷ ಬಿಗಿಹಿಡಿದರೆ ಈ ಹಣವನ್ನು ಕೂಡಿಸಿಯೇ ಬಿಡುತ್ತಾರೆ. ಇಷ್ಟು ಸಾಲದೆಂಬಂತೆ, ಎಲ್ಲ ಸಾಲಗಳ ಚರಿತ್ರೆಯೂ ಸಾಲಮಾಹಿತಿ ಸಂಸ್ಥೆಗಳಲ್ಲಿ ದಾಖಲಾಗುವುದರಿಂದ ಗೃಹಸಾಲ ಕೊಡುವವರು ಈ ಹೊಸ ಕಂತನ್ನು ಕಳೆದೇ ಅರ್ಹತೆಯನ್ನು ಲೆಕ್ಕಹಾಕುತ್ತಾರೆ. ತೂತು ಮುಚ್ಚಲು ತಂದ ಮಣ್ಣೇ ಇನ್ನೊಂದು ಕಡೆ ತೂತು ತೋಡಿದಂತೆ.

ಎರಡನೆಯ ವೇಷ ಕಾಗದದ್ದು. 50 ಲಕ್ಷದ ಮನೆಯ ಕರಾರಿನಲ್ಲಿ 62 ಲಕ್ಷ ಎಂದು ಬರೆದುಬಿಡೋಣ, ಅದರ ಶೇಕಡ 80ಕ್ಕೆ ಸಾಲ ತೆಗೆದರೆ 50 ಲಕ್ಷಕ್ಕೆ ಹತ್ತಿರ ಬಂತಲ್ಲ ಎಂದು ಹೇಳಿಕೊಡುವವರಿದ್ದಾರೆ. ಹೇಳುವಾಗ ದನಿ ತಗ್ಗಿಸುತ್ತಾರೆ ಎಂಬುದನ್ನು ಗಮನಿಸಿ. ಇದು ಬ್ಯಾಂಕಿಗೆ ಸುಳ್ಳು ದಾಖಲೆ ಕೊಟ್ಟಂತೆ, ಅಂದರೆ ಅಪರಾಧ. ನೀತಿಯ ಮಾತನ್ನು ಒಂದು ಕ್ಷಣ ಪಕ್ಕಕ್ಕಿಟ್ಟರೂ ಲೆಕ್ಕವೇ ಕೈಕೊಡುತ್ತದೆ. 62 ಲಕ್ಷಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು, 50 ಲಕ್ಷ ಬಾಳುವ ಮನೆಯ ಮೇಲೆ 50 ಲಕ್ಷದ ಸಾಲ ಹೊರಬೇಕು. ಮೆತ್ತೆ ಸೊನ್ನೆ.

ಮೂರನೆಯದು ಜಾಹೀರಾತಿನದು. ‘ಮನೆಯ ಬೀಗದ ಕೈ ಸಿಗುವವರೆಗೆ ಕಂತಿಲ್ಲ.’ ದೂರದರ್ಶನದ ಕಸುಬಿನವನಾಗಿ ಒಂದು ಮಾತು ಹೇಳಬಹುದು. ಇಂಥ ಜಾಹೀರಾತಿನ ತಳದಲ್ಲಿ ಷರತ್ತುಗಳ ಸಣ್ಣ ಅಕ್ಷರ ಬರುತ್ತದಲ್ಲ, ಅದು ಎರಡು ಮೂರು ಸೆಕೆಂಡು ಪರದೆಯ ಮೇಲಿರುತ್ತದೆ, ಆ ಹೊತ್ತಿನಲ್ಲಿ ಕಣ್ಣು ಓದಬಲ್ಲದ್ದಕ್ಕಿಂತ ಹೆಚ್ಚು ಪದಗಳಿರುತ್ತವೆ. ಈ ಯೋಜನೆಯಲ್ಲಿ ಸಾಲ ಇರುವುದು ಕೊಳ್ಳುವವನ ಹೆಸರಿನಲ್ಲಿ. ಕಟ್ಟಡ ಮುಗಿಯುವವರೆಗೆ ಬಡ್ಡಿಯನ್ನು ಕಟ್ಟುತ್ತೇನೆ ಎಂಬುದು ಬಿಲ್ಡರಿನ ಮಾತು ಮಾತ್ರ. ಬಿಲ್ಡರು ಕೈಯೆತ್ತಿದರೆ ಬ್ಯಾಂಕು ಹುಡುಕಿಕೊಂಡು ಬರುವುದು ಕೊಳ್ಳುವವನನ್ನು. 2019ರ ಜುಲೈನಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಇಂಥ ಯೋಜನೆಗಳಿಂದ ದೂರವಿರುವಂತೆ ಗೃಹಸಾಲ ಸಂಸ್ಥೆಗಳಿಗೆ ಸೂಚಿಸಿತು. ದೆಹಲಿಯ ಸುತ್ತಮುತ್ತ ಮನೆಯೂ ಇಲ್ಲದೆ ಕಂತೂ ತಪ್ಪದೆ ಸಿಕ್ಕಿಬಿದ್ದವರ ಅರ್ಜಿಗಳ ಮೇಲೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಸಿಬಿಐ ತನಿಖೆಗೆ ಆದೇಶಿಸಿತು. ಮನೆಬಾಡಿಗೆಯನ್ನೂ ಕಾಣದ ಮನೆಯ ಕಂತನ್ನೂ ಒಟ್ಟಿಗೆ ಕಟ್ಟುವುದು ಎಂಥ ಬದುಕೆಂದು ಊಹಿಸಿಕೊಳ್ಳಿ.

ಹಾಗಾದರೆ ಸುಮ್ಮನೆ ಉಳಿಸಿ, ಆಮೇಲೆ ಕೊಳ್ಳಿ ಎನ್ನೋಣವೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಸರಿಯಾದ ಮಾತೇ. ಆದರೆ ಹಿರಿಯರ ಪರವಾಗಿಯೂ ಕಿರಿಯರ ಪರವಾಗಿಯೂ ಒಂದು ಕಷ್ಟವನ್ನು ಒಪ್ಪಿಕೊಳ್ಳಬೇಕು. ತಿಂಗಳಿಗೆ 15 ಸಾವಿರ ರೂಪಾಯಿಯನ್ನು ಶೇಕಡ 7ರ ಆವರ್ತ ಠೇವಣಿಯಲ್ಲಿ ಐದು ವರ್ಷ ಕಟ್ಟಿದರೆ ಸುಮಾರು 10 ಲಕ್ಷ 70 ಸಾವಿರ ಆಗುತ್ತದೆ. ಈ ಐದು ವರ್ಷದಲ್ಲಿ ಮನೆಯ ಬೆಲೆ ವರ್ಷಕ್ಕೆ ಶೇಕಡ 5ರಂತೆ ಏರಿದರೂ 50 ಲಕ್ಷದ್ದು ಸುಮಾರು 64 ಲಕ್ಷವಾಗಿರುತ್ತದೆ. ಸ್ವಂತ ಪಾಲು, ಶುಲ್ಕ ಎಲ್ಲ ಸೇರಿ ಆಗ ಬೇಕಾಗುವುದು 17 ಲಕ್ಷ 60 ಸಾವಿರ. ಹೊರಟಾಗ 13 ಲಕ್ಷ 80 ಸಾವಿರ ದೂರವಿದ್ದ ಗುರಿ ಐದು ವರ್ಷ ಓಡಿದ ಮೇಲೂ 6 ಲಕ್ಷ 90 ಸಾವಿರ ದೂರದಲ್ಲಿದೆ. ಇಳಿಯುವ ಎಸ್ಕಲೇಟರಿನ ಮೇಲೆ ಹತ್ತಿದ ಹಾಗೆ. ಯುವಕರು ಅಡ್ಡದಾರಿ ಹುಡುಕುವುದು ಸೋಮಾರಿತನದಿಂದ ಎಂದು ಗದರುವವರು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬೇಕು.

ನನಗೆ ಈ ವಿಷಯದಲ್ಲಿ ಅತ್ಯಂತ ಉಪಯುಕ್ತವೆಂದು ಕಂಡದ್ದು ಮೇಲಿನ ನಿಯಮದಲ್ಲೇ ಅಡಗಿರುವ ಒಂದು ಮೆಟ್ಟಿಲು. 50 ಲಕ್ಷದ ಬದಲು 33 ಲಕ್ಷದ ಹೊಸ ಫ್ಲಾಟನ್ನು ನೋಡಿ. ತುಮಕೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ, ಅಥವಾ ಬೆಂಗಳೂರಿನಿಂದ ರೈಲಿನಲ್ಲಿ ಓಡಾಡುವಷ್ಟು ದೂರದಲ್ಲಿ ಹುಡುಕಬೇಕಾದೀತು. ಸಾಲ 30 ಲಕ್ಷದೊಳಗೆ ನಿಲ್ಲುವುದರಿಂದ ಶೇಕಡ 90 ಸಿಗುತ್ತದೆ. ಸ್ವಂತ ಪಾಲು 3 ಲಕ್ಷ 30 ಸಾವಿರ. ಹೊಸ ಫ್ಲಾಟಿನ ಮೊದಲ ನೋಂದಣಿಗೆ, ಬೆಲೆ 45 ಲಕ್ಷದೊಳಗಿದ್ದರೆ, ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇಕಡ 3. ಸೆಸ್ಸು, ನೋಂದಣಿ ಎಲ್ಲ ಸೇರಿ 1 ಲಕ್ಷ 77 ಸಾವಿರ. ಒಟ್ಟು 5 ಲಕ್ಷದ ಸುಮಾರು. ಮನೆಯ ಬೆಲೆ ಮೂರರಲ್ಲಿ ಎರಡು ಪಾಲಾದರೆ, ಕೈಯಿಂದ ಹಾಕಬೇಕಾದ ಹಣ ಮೂರರಲ್ಲಿ ಒಂದು ಪಾಲಿಗೆ ಹತ್ತಿರ ಇಳಿಯಿತು. ತಿಂಗಳಿಗೆ ಅದೇ 15 ಸಾವಿರ ಕಟ್ಟಿದರೆ ಎರಡೂವರೆ ವರ್ಷದ ಸುಮಾರಿಗೆ ಮುಟ್ಟಬಹುದು. ಆ ವೇಳೆಗೆ ಬೆಲೆ ಸ್ವಲ್ಪ ಏರಿದ್ದರೂ ಇದು ನಡೆದು ತಲುಪುವ ದೂರ. ಇದಕ್ಕೂ ಬೆಲೆಯಿದೆ. ಹತ್ತರಲ್ಲಿ ಒಂದೇ ಪಾಲು ನಮ್ಮದಾದಾಗ ಸನ್ನೆಕೋಲು ಇನ್ನೂ ಉದ್ದ, ಮೆತ್ತೆ ಇನ್ನೂ ತೆಳು. ಕಂತು ಸುಮಾರು 25,800 ಮಾತ್ರ ಆಗುವುದರಿಂದ ಉಳಿಯುವ ಹಣವನ್ನು ಆ ಮೆತ್ತೆಗೆ ತುಂಬುವ ಶಿಸ್ತು ಬೇಕು.

ಸರ್ಕಾರದ ನೆರವಿನ ಬಗ್ಗೆ ಜನರಲ್ಲಿ ಒಂದು ತಪ್ಪು ಕಲ್ಪನೆಯಿದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲಿ ಬಡ್ಡಿ ಸಹಾಯಧನವಿದೆ. ವರ್ಷಕ್ಕೆ 9 ಲಕ್ಷದವರೆಗಿನ ಆದಾಯದ, ದೇಶದಲ್ಲೆಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬಕ್ಕೆ ಅದು ಸಿಗಬಹುದು. ಮನೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ಸಹಾಯ ಹೆಚ್ಚೆಂದರೆ 1 ಲಕ್ಷ 80 ಸಾವಿರ, ಅದೂ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಹೋಗುತ್ತದೆ. ಅಂದರೆ ಮನೆ ಕೊಂಡ ಮೇಲಿನ ಭಾರವನ್ನು ಅದು ಇಳಿಸುತ್ತದೆ, ಕೊಳ್ಳುವ ದಿನದ ಸ್ವಂತ ಪಾಲಿಗೆ ಒದಗುವುದಿಲ್ಲ. ಮೇಲಿನ 33 ಲಕ್ಷದ ಲೆಕ್ಕದಲ್ಲಿ ಸಾಲ 25 ಲಕ್ಷವನ್ನು ಮೀರುವುದರಿಂದ ಇದು ಅನ್ವಯಿಸುವುದೂ ಇಲ್ಲ.

ನೌಕರರಿಗೆ ಭವಿಷ್ಯನಿಧಿಯಿಂದ ಮನೆಗಾಗಿ ಹಣ ತೆಗೆಯುವ ಅವಕಾಶವಿದೆ. ಉಳಿತಾಯವೇ ಇಲ್ಲ ಎನ್ನುವ ಎಷ್ಟೋ ಜನ ಮರೆತಿರುವ ಉಳಿತಾಯ ಇದು. ಮುಪ್ಪಿನ ಅನ್ನವನ್ನು ಮನೆಯ ಗೋಡೆಯಾಗಿ ಮಾರ್ಪಡಿಸುತ್ತಿದ್ದೇವೆ ಎಂಬ ಅರಿವಿದ್ದರೆ ಸಾಕು. ಚೀಟಿಯ ಮಾತೂ ಬರುತ್ತದೆ. ಸಾವಿರದೊಂಬೈನೂರ ಎಂಬತ್ತೆರಡರ, ಅಂದರೆ 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಾಯಿಸಿದ ಚೀಟಿಗಳಿವೆ. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. 40 ಜನ ತಿಂಗಳಿಗೆ 25 ಸಾವಿರದಂತೆ ಹಾಕುವ 10 ಲಕ್ಷದ ಚೀಟಿಯನ್ನು ನಾಲ್ಕನೆಯ ತಿಂಗಳಲ್ಲೇ ಎತ್ತಲು ಎರಡೂವರೆ ಲಕ್ಷ ಬಿಟ್ಟುಕೊಟ್ಟರೆ ಕೈಗೆ ಏಳೂವರೆ ಲಕ್ಷ ಬರುತ್ತದೆ, ಉಳಿದ 36 ತಿಂಗಳು ಕಟ್ಟುತ್ತಿರಬೇಕು. ಬಿಟ್ಟುಕೊಟ್ಟದ್ದು ಬಡ್ಡಿಯೇ. ಮೊದಲು ಎತ್ತಿದವನಿಗೆ ಚೀಟಿ ಸಾಲ, ಕೊನೆಗೆ ಎತ್ತಿದವನಿಗೆ ಉಳಿತಾಯ. ನೋಂದಣಿಯಿಲ್ಲದ ಓಣಿ ಚೀಟಿಯ ಕತೆಗಳನ್ನು ನಾನು ಹೇಳಬೇಕಾಗಿಲ್ಲ, ನಿಮ್ಮ ಓಣಿಯಲ್ಲೇ ಒಂದಿರುತ್ತದೆ.

ಬೆಂಗಳೂರಿನಲ್ಲಿ ಮನೆಯನ್ನು ‘ಲೀಸಿಗೆ’ ಹಾಕಿಕೊಳ್ಳುವ, ಹಳೆಯ ಮಾತಿನಲ್ಲಿ ಭೋಗ್ಯಕ್ಕೆ ಪಡೆಯುವ ಪದ್ಧತಿ ನಿಮಗೆ ಗೊತ್ತು. ಉದಾಹರಣೆಗೆ ಮಾಲೀಕರಿಗೆ 10 ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಹಣ ವಾಪಸು. ತಿಂಗಳಿಗೆ 10 ಸಾವಿರದ ಬಾಡಿಗೆ ಉಳಿಯಿತೆಂದರೆ ಶೇಕಡ 12ರ ಬಡ್ಡಿ ಬಂದಂತೆ. ನಮ್ಮಲ್ಲಿ ಉಳಿತಾಯವೇ ಇಲ್ಲ ಎನ್ನುವ ಕುಟುಂಬದ ಸ್ವಂತ ಪಾಲು ಎಷ್ಟೋ ಸಲ ಹೀಗೆ ಇನ್ನೊಬ್ಬರ ಮನೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಆ ಮನೆಯ ಮೇಲೆ ಮಾಲೀಕರ ಬ್ಯಾಂಕ್ ಸಾಲವಿದೆಯೇ ಎಂದು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡದಿದ್ದರೆ, ಕರಾರನ್ನು ನೋಂದಾಯಿಸದಿದ್ದರೆ, ಶೇಕಡ 12ರ ಆಸೆಗೆ ಅಸಲೇ ತೂಗುಯ್ಯಾಲೆಯಲ್ಲಿರುತ್ತದೆ.

ಇನ್ನೊಂದು ದಾರಿ ಹಳೆಯದು, ನನಗೆ ಪ್ರಿಯವಾದದ್ದು. ಮನೆಯನ್ನು ಒಂದೇ ಸಲಕ್ಕೆ ಕೊಳ್ಳದೆ ಬೆಳೆಸುವುದು. ನಮ್ಮ ತಂದೆ ಹೈಸ್ಕೂಲು ಮೇಷ್ಟ್ರು. ಸಂಬಳದಲ್ಲಿ ಮಿಗುತ್ತಿದ್ದದ್ದು ಬಹಳ ಕಡಿಮೆ. ಸೊಸೈಟಿ ಸಾಲದಲ್ಲಿ ಒಂದು ಮೂವತ್ತು-ನಲವತ್ತು ಸೈಟು ಮಾಡಿಕೊಂಡರು. ಪಾಯವನ್ನು ಇಡೀ ಮನೆಗೆ ಆಗುವಂತೆ ಹಾಕಿಸಿದರು, ಅದರ ಮೇಲೆ ಎದ್ದದ್ದು ಮಾತ್ರ ಒಂದು ಕೋಣೆ, ಅಡುಗೆಮನೆ, ಮೇಲೆ ಶೀಟು. ಉಳಿದ ಪಾಯದ ಮೇಲೆ ನಾವು ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದೆವು. ಆ ಸಾಲ ತೀರಿದ ಮೇಲೆ ನಡುಮನೆ, ಅದಾದ ಎಷ್ಟೋ ವರ್ಷಕ್ಕೆ ಆರ್‌ಸಿಸಿ. ತಾರಸಿಯ ಮೂಲೆಗಳಲ್ಲಿ ಕಂಬಿಗಳನ್ನು ಮುಂದಿನ ಮಹಡಿಗೆಂದು ಹಾಗೆಯೇ ಮೇಲಕ್ಕೆ ಬಿಟ್ಟಿದ್ದರು. ಗಾಳಿಯ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯದಿರಲೆಂದು ಸಿಮೆಂಟು ಹಾಲನ್ನು ಬಳಿಯುವ ಕೆಲಸ ನನ್ನದು. ರಸಾಯನಶಾಸ್ತ್ರದಲ್ಲಿ ಉತ್ಕರ್ಷಣ ಓದುವ ಮೊದಲೇ ಅದನ್ನು ಬ್ರಷ್ಷು ಹಿಡಿದು ಎದುರಿಸಿದ್ದೆ. ನಮ್ಮ ಊರುಗಳಲ್ಲಿ ತಾರಸಿಗಳ ಮೇಲೆ ಈಗಲೂ ಕಾಣುವ ಆ ಕಂಬಿಗಳನ್ನು ಅಂದಗೆಟ್ಟವು ಎನ್ನುವವರಿದ್ದಾರೆ. ನನಗೆ ಅವು ಪಾಸ್‌ಬುಕ್ಕಿನ ಖಾಲಿ ಪುಟಗಳಂತೆ ಕಾಣುತ್ತವೆ.

ಬಡವರ ಈ ಜಾಣ್ಮೆಯನ್ನೇ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಇಂದೋರಿನ ಅರಣ್ಯ ಬಡಾವಣೆಯಲ್ಲಿ ಯೋಜನೆಯಾಗಿಸಿದರು. ಅತಿ ಕಡಿಮೆ ಆದಾಯದ ಕುಟುಂಬಕ್ಕೆ ಪೂರ್ತಿ ಮನೆಯನ್ನು ಕೊಡಲಿಲ್ಲ. ಪಾಯ, ನೀರು ಮತ್ತು ಶೌಚದ ವ್ಯವಸ್ಥೆ, ಒಂದು ಕೋಣೆ ಇಷ್ಟನ್ನು ಕೊಟ್ಟರು, ಉಳಿದದ್ದನ್ನು ಕೈಗೂಡಿದಾಗ ಅವರೇ ಕಟ್ಟಿಕೊಳ್ಳುವಂತೆ ಬಿಟ್ಟರು. ಆ ಬಡಾವಣೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಇಂದು ಈ ದಾರಿ ಹಿಡಿಯುವವರಿಗೆ ಎದುರಾಗುವ ಅಡ್ಡಿ ನಿವೇಶನದ ಬೆಲೆ. ಅಗ್ಗವೆಂದು ಭೂಪರಿವರ್ತನೆಯಾಗದ ಜಮೀನಿನ ರೆವಿನ್ಯೂ ಸೈಟಿಗೆ ಕೈಹಾಕಿದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಆಗ ಮತ್ತೆ ಬಡ್ಡಿ ವ್ಯಾಪಾರಿಯ ಬಾಗಿಲು.

ಸಾಲ ಸಿಕ್ಕಿತು, ಮನೆಗೆ ಹೋದೆವು ಎನ್ನೋಣ. ಮೊದಲ ತಿಂಗಳ 34,713 ರೂಪಾಯಿಯಲ್ಲಿ ಬಡ್ಡಿಗೆ ಹೋಗುವುದು 28,333. ಅಸಲಿಗೆ ಹೋಗುವುದು 6,380. ವಿಕಿರಣಶೀಲ ವಸ್ತುವಿಗೆ ಅರ್ಧಾಯು ಇದ್ದಂತೆ ಸಾಲದ ಅಸಲು ಅರ್ಧಕ್ಕೆ ಬರುವ ದಿನ ಯಾವುದು ಎಂದು ಲೆಕ್ಕ ಹಾಕಿ ನೋಡಿ. ಇಪ್ಪತ್ತು ವರ್ಷದ ಸಾಲಕ್ಕೆ ಹತ್ತು ವರ್ಷ ಎಂದು ಮನಸ್ಸು ಹೇಳುತ್ತದೆ. ಉತ್ತರ 13 ವರ್ಷ 10 ತಿಂಗಳು. ಮೊದಲ ವರ್ಷಗಳಲ್ಲಿ ಸ್ವಂತ ಪಾಲಿನ ಮೆತ್ತೆ ಎಷ್ಟು ನಿಧಾನವಾಗಿ ಬೆಳೆಯುತ್ತದೆ ಎಂಬುದಕ್ಕೆ ಇದೇ ಅಳತೆ. ಸೊನ್ನೆಯಿಂದ ಹೊರಟವನಿಗೆ ಆ ವರ್ಷಗಳೇ ಗಂಡಾಂತರದ ವರ್ಷಗಳು. ಕಂತು 90 ದಿನಕ್ಕೂ ಹೆಚ್ಚು ಬಾಕಿಯಾದರೆ ಬ್ಯಾಂಕು ಆ ಸಾಲವನ್ನು ವಸೂಲಾಗದ ಲೆಕ್ಕಕ್ಕೆ ಸೇರಿಸುತ್ತದೆ. 2002ರ ಸರ್ಫೇಸಿ ಕಾಯಿದೆಯಂತೆ 60 ದಿನದ ನೋಟಿಸು ಕೊಟ್ಟು, ಸಿವಿಲ್ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಹರಾಜಿನಲ್ಲಿ ಮಿಕ್ಕಿದ್ದು ಸಾಲಗಾರನಿಗೆ, ಕಡಿಮೆಬಿದ್ದದ್ದೂ ಸಾಲಗಾರನಿಗೇ.

ಈಗ ನಿಮ್ಮ ವಿಷಯ. ಅಪ್ಪನಿಗೆ ಐವತ್ತು ದಾಟಿರುತ್ತದೆ, ನಿವೃತ್ತಿಯವರೆಗೆ ಮಾತ್ರ ಅವಧಿ ಸಿಗುವುದರಿಂದ ಕಂತು ದೊಡ್ಡದಾಗುತ್ತದೆ. ಮೊದಲ ಕೆಲಸಕ್ಕೆ ಸೇರಿದ ಮಗನನ್ನೋ ಮಗಳನ್ನೋ ಸಹಸಾಲಗಾರರಾಗಿ ಸೇರಿಸಿದರೆ ಅವಧಿಯೂ ಸಾಲದ ಮೊತ್ತವೂ ಬೆಳೆಯುತ್ತವೆ. ಸ್ವಂತ ಪಾಲು ತಾಳುವ ಅತ್ಯಂತ ಮೌನವಾದ ವೇಷ ಇದು. ನಿಮ್ಮ ಮುಂದಿನ ಇಪ್ಪತ್ತು ವರ್ಷ ಅಲ್ಲಿ ಜಾಮೀನಾಗಿ ನಿಲ್ಲುತ್ತದೆ. ತಂದೆತಾಯಿಗೆ ಒಂದು ಸೂರಾಗಲೆಂದು ಹಾಗೆ ನಿಲ್ಲುವುದು ದೊಡ್ಡ ಕೆಲಸ, ಬೇಡವೆನ್ನಲು ನಾನು ಯಾರು? ಆದರೆ ಸಹಸಾಲಗಾರ ಎಂದರೆ ಅರ್ಧ ಸಾಲಕ್ಕೆ ಹೊಣೆಯಲ್ಲ, ಪೂರ್ತಿ ಸಾಲಕ್ಕೆ. ಮುಂದೆ ನೀವೇ ಸಾಲ ಕೇಳಲು ಹೋದಾಗ ಈ ಕಂತು ನಿಮ್ಮ ಲೆಕ್ಕದಲ್ಲಿರುತ್ತದೆ, ವಿದ್ಯಾಭ್ಯಾಸದ ಸಾಲವಿದ್ದರೆ ಅದರ ಪಕ್ಕದಲ್ಲೇ. ಸಾಲಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮನೆಯ ಕ್ರಯಪತ್ರದಲ್ಲಿ ನಿಮ್ಮ ಹೆಸರು ಬರುವುದೂ ಇಲ್ಲ, ಅದು ಬೇರೆಯೇ ಕಾಗದ. ಇವನ್ನು ಅಪ್ಪ ಅಮ್ಮನ ಜೊತೆ ಕುಳಿತು ಕೇಳುವುದು ಅವಿಧೇಯತೆಯಲ್ಲ.

ಕೇಳಬೇಕಾದ ಕಾಗದಕ್ಕೊಂದು ಹೆಸರಿದೆ. 2024ರ ಅಕ್ಟೋಬರ್ 1ರಿಂದ ಪ್ರತಿ ಗೃಹಸಾಲಕ್ಕೂ ಸಾಲಗಾರನಿಗೆ ಮುಖ್ಯ ಸಂಗತಿಗಳ ಹೇಳಿಕೆ, ಬ್ಯಾಂಕಿನ ಭಾಷೆಯಲ್ಲಿ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಕೊಡಬೇಕೆಂದು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿದೆ. ಬಡ್ಡಿಯ ಜೊತೆ ಎಲ್ಲ ಶುಲ್ಕಗಳನ್ನೂ ಸೇರಿಸಿ ವಾರ್ಷಿಕ ದರ ನಿಜವಾಗಿ ಎಷ್ಟಾಯಿತು ಎಂಬುದೂ, ಯಾವ ತಿಂಗಳ ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂಬುದೂ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು ಎಂದೂ ನಿಯಮ ಹೇಳುತ್ತದೆ. ಆದ್ದರಿಂದ ಕೌಂಟರಿನಲ್ಲಿ ಇಂಗ್ಲಿಷಿನ ಪ್ರತಿಯನ್ನು ಮುಂದಿಟ್ಟರೆ ಕನ್ನಡದ್ದು ಕೊಡಿ ಎಂದು ಕೇಳಿ, ಮನೆಗೆ ತನ್ನಿ, ಸಹಿ ಬೀಳುವ ಮೊದಲು ಅಮ್ಮನಿಗೂ ಓದಿ ಹೇಳಿ.